ಅರ ಕೆಳಗಿಡಿ, ಭಾವ

ಕೋವಿಗೆ ಪೂಜೆ ಮಾಡುವ ನಮ್ಮ ಕೊಡಗಿನ ಹಬ್ಬ ಕೈಲ್ ಮುಹೂರ್ತಕ್ಕೆ ಇನ್ನು ಹತ್ತು ದಿನ ಇತ್ತು. ಸುರಿಯುವ ಮಳೆಯಲ್ಲಿ ಭಾವ ಜೀಪಿನಿಂದ ಇಳಿದರು. ಒಂದು ಕೈಯಲ್ಲಿ ಪಾಯಿಂಟ್ 22 ಕೋವಿ, ಇನ್ನೊಂದರಲ್ಲಿ ಅರ.

"ಬೋಲ್ಟ್ ಉಜ್ಜುತ್ತಿದೆ ಮಾರಾಯ, ಹಿಡಿದು ಹಿಡಿದು ಬರುತ್ತೆ. ಹಿಡಿಯ ಬುಡಕ್ಕೆ ಸ್ವಲ್ಪ ಅರ ಹಾಕಿದರೆ ಸರಿಹೋಗುತ್ತೆ ಅಲ್ವಾ?"

ಪುಣ್ಯಕ್ಕೆ ಇನ್ನೂ ಹಾಕಿರಲಿಲ್ಲ. ಬೋಲ್ಟ್ ಅಂದರೆ ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಕಬ್ಬಿಣದ ದಂಡ. ಅದನ್ನು ಎತ್ತಿ ಎಳೆಯಲು ಇರುವುದೇ ಹಿಡಿ.

ನಮ್ಮ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಮನೆಗಳಿಗೆ ಕೋವಿ ಹೊಸದಲ್ಲ. ಲೈಸೆನ್ಸ್ ವಿನಾಯಿತಿಯೂ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ವರ್ಷಕ್ಕೊಮ್ಮೆ ಗಂಧ ಹಚ್ಚಿ, ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತೇವೆ. ಅದೇ ಕೋವಿ ಸ್ವಲ್ಪ ತೊಂದರೆ ಕೊಟ್ಟರೆ ಸಾಕು, ಅರವೋ ಉಪ್ಪುಕಾಗದವೋ ಕೈಗೆ ಬರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಎಲ್ಲಿ ಉಜ್ಜುತ್ತಿದೆ ಅಂತ ನೋಡದೆ ಉಜ್ಜಲು ಹೊರಡುವುದು ಯಾವ ರಿಪೇರಿ?

ಅದೂ ಪಾಯಿಂಟ್ 22ರಲ್ಲಿ! ಎಷ್ಟೋ ಪಾಯಿಂಟ್ 22 ರೈಫಲ್‌ಗಳಲ್ಲಿ ಬೋಲ್ಟ್ ಹಿಡಿಯ ಬುಡವೇ ಬೀಗ. ಈಡು ಹಾರುವಾಗ ಬೋಲ್ಟ್ ನಿಮ್ಮ ಮುಖಕ್ಕೆ ಬರದಂತೆ ತಡೆಯುವುದು ಅದೇ. ಭಾವ ಅರ ಹಾಕಲು ಹೊರಟಿದ್ದು ಸರಿಯಾಗಿ ಆ ಜಾಗಕ್ಕೆ.

ಮೊದಲು ಮ್ಯಾಗಜಿನ್ ತೆಗೆಸಿದೆ. ನಳಿಗೆಯಲ್ಲಿ ತೋಟಾ ಇಲ್ಲ ಅಂತ ಕಣ್ಣಲ್ಲೂ ನೋಡಿದೆ, ಕಿರುಬೆರಳು ಹಾಕಿಯೂ ನೋಡಿದೆ. ಆಮೇಲೆ ಕೇಳಿದೆ: "ಗಟ್ಟಿ ಆಗೋದು ಯಾವಾಗ ಭಾವ? ಹಿಡಿ ಎತ್ತುವಾಗಲೋ, ಹಿಂದಕ್ಕೆ ಎಳೆಯುವಾಗಲೋ, ಮುಚ್ಚುವಾಗಲೋ? ಖಾಲಿ ಇದ್ದಾಗಲೂ ಹೀಗೇನಾ?" ಅವರಿಗೆ ಗೊತ್ತಿರಲಿಲ್ಲ. ಅರ್ಧ ರಿಪೇರಿ ಇರುವುದೇ ಈ ಪ್ರಶ್ನೆಯಲ್ಲಿ.

ಖಾಲಿ ಇದ್ದಾಗ ಸಲೀಸು, ತೋಟಾ ಹಾಕಿದಾಗ ಮಾತ್ರ ಕೊನೆಯಲ್ಲಿ ಬಿಗಿ ಅಂದರೆ ಬೋಲ್ಟಿನ ತಪ್ಪಲ್ಲ. ಪಾಯಿಂಟ್ 22ರ ಸೀಸದ ಗುಂಡಿಗೆ ಮೇಣದಂಥ ಲೇಪ ಇರುತ್ತದೆ. ಅದು ಮಸಿಯ ಜೊತೆ ಸೇರಿ ತೋಟಾ ಕೂರುವ ಜಾಗದಲ್ಲಿ ಅಂಟುತ್ತದೆ. ಬ್ರಷ್ ಹಾಕಿ ತೊಳೆದರೆ ಮುಗಿಯಿತು. ದೊಡ್ಡ ರೈಫಲ್‌ನಲ್ಲಿ ಈಡು ಹೊಡೆದ ಮೇಲೆ ಮಾತ್ರ ಹಿಡಿ ಏಳುವುದಿಲ್ಲ ಅಂದರೆ ಹುಷಾರು. ಒತ್ತಡ ಜಾಸ್ತಿ ಆಗಿರಬಹುದು. ಮತ್ತೆ ಹೊಡೆಯಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ಇನ್ನು ಕೊಬ್ಬರಿ ಎಣ್ಣೆ. ನಮ್ಮೂರಿನಲ್ಲಿ ತಲೆಗೂ ಅದೇ, ಕೋವಿಗೂ ಅದೇ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಆ ಎಣ್ಣೆ ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಡಬ್ಬಿಯೊಳಗೇ ಬೆಳ್ಳಗೆ ಕೂತಿರುತ್ತದೆ, ಬೋಲ್ಟಿನೊಳಗೆ ಕೂರದೆ ಬಿಡುತ್ತದಾ? ಹಳೆಯದಾದರೆ ಅಂಟೂ ಆಗುತ್ತದೆ. ಬೋಲ್ಟ್ ಹಿಡಿಯುವುದಷ್ಟೇ ಅಲ್ಲ, ತೋಟಾಕ್ಕೆ ಬಡಿಯುವ ಒಳಗಿನ ಸೂಜಿಯೂ ನಿಧಾನವಾಗಿ ತೋಟಾ ಹಾರುವುದೇ ಇಲ್ಲ. ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ದಿನ "ಟಿಕ್" ಅಂತ ಸದ್ದು ಬಂದರೆ ಎಲ್ಲರೂ ತೋಟಾಕ್ಕೆ ಬೈಯುತ್ತಾರೆ. ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸವರಿ. ಒಂದೇ ಹನಿ, ಒಗ್ಗರಣೆಗೆ ಹಾಕಿದಂತೆ ಅಲ್ಲ.

ಕೆಲವೊಮ್ಮೆ ರೋಗವೇ ಇರುವುದಿಲ್ಲ. ಇಷಾಪುರ ಕಾರ್ಖಾನೆಯ ಪಾಯಿಂಟ್ 315 ರೈಫಲ್ ಬ್ರಿಟಿಷರ ಕಾಲದ ಹಳೆಯ ಲೀ ಎನ್‌ಫೀಲ್ಡ್ ಮಾದರಿಯದು. ಅದರಲ್ಲಿ ಬೋಲ್ಟ್ ಮುಚ್ಚುವಾಗ ಕೊನೆಗೆ ಸ್ಪ್ರಿಂಗ್ ಎದುರು ತಳ್ಳಬೇಕು. ಜರ್ಮನಿಯ ಮೌಸರ್ 98 ಮಾದರಿಯಲ್ಲಿ ಹಿಡಿ ಎತ್ತುವಾಗಲೇ ಆ ಬಿಗಿ ಸಿಗುತ್ತದೆ. ಒಂದನ್ನು ಹಿಡಿದು ರೂಢಿಯಾದವರಿಗೆ ಇನ್ನೊಂದು ಕೆಟ್ಟಿದೆ ಅನಿಸುತ್ತದೆ. ಅಣ್ಣತಮ್ಮಂದಿರ ಎರಡು ಕೋವಿ ಒಂದೇ ದಿನ ಬಿಚ್ಚಿ ಒರೆಸಿ ಬೋಲ್ಟ್ ಅದಲುಬದಲು ಮಾಡಿದ್ದನ್ನೂ ನೋಡಿದ್ದೇನೆ. ಈ 315ರಲ್ಲಿ ಬೋಲ್ಟಿನ ನಂಬರ್, ಕೋವಿಯ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಕೋವಿಯ ಬೋಲ್ಟ್ ಹೇಗೋ ಕೂತಿತು ಅಂತ ಹೊಡೆಯುವುದು ಬೇಡ.

ಭಾವನ ಕೋವಿಯಲ್ಲಿ ಇದ್ಯಾವುದೂ ಅಲ್ಲ. ತೊಳೆದೆ, ಒರೆಸಿದೆ, ಆದರೂ ಹಿಡಿಯಿತು. ಆಗ ಮಗಳ ಕಪ್ಪು ಮಾರ್ಕರ್ ತಂದು ಬೋಲ್ಟಿಗೆ ಪೂರ್ತಿ ಬಳಿದೆ. ಒಣಗಿದ ಮೇಲೆ ಐದಾರು ಸಲ ಆಚೆ ಈಚೆ ಎಳೆದು ಹೊರಗೆ ತೆಗೆದೆ. ಬೋಲ್ಟಿನ ಬೆನ್ನ ಮೇಲೆ ಒಂದೇ ಒಂದು ನೇರ ಗೆರೆ, ಉದ್ದಕ್ಕೆ. ಬುಡದಲ್ಲಿ ಬಣ್ಣ ಹಾಗೇ ಇತ್ತು. ಮೇಲಿನಿಂದ ಏನೋ ಚುಚ್ಚುತ್ತಿದೆ ಅಂತಾಯ್ತು.

"ಕೋವಿಯ ಮೇಲೆ ಈ ಗುರಿ ನೋಡುವ ದುರ್ಬೀನು ಯಾವಾಗ ಹಾಕಿಸಿದಿರಿ?"

"ಹೋದ ತಿಂಗಳು. ಒಂದು ಸ್ಕ್ರೂ ಕಳೆದಿತ್ತು, ಡಬ್ಬಿಯಲ್ಲಿ ಇದ್ದದ್ದೊಂದು ಹಾಕಿದೆ."

ಆ ಸ್ಕ್ರೂ ಬಿಚ್ಚಿದೆ. ಬೋಲ್ಟ್ ಸುಮ್ನೆ ಜಾರಿತು. ಪಕ್ಕದ ಸ್ಕ್ರೂ ಜೊತೆ ಇಟ್ಟು ನೋಡಿದರೆ ಎರಡು ಸುತ್ತು ಉದ್ದ, ಅಷ್ಟೇ. ತುದಿ ಒಳಗೆ ಇಳಿದು ಬೋಲ್ಟನ್ನು ಗೀರುತ್ತಿತ್ತು.

ಅರ ಕೊಡಿ ಅಂದೆ. ಭಾವನಿಗೆ ಖುಷಿ, ತಾವೇ ಕೂತು ಸ್ಕ್ರೂವಿನ ತುದಿ ಅರೆದರು. ಕೆಟ್ಟರೆ ಕೆಡಲಿ, ಬೇರೆ ಸ್ಕ್ರೂ ಸಿಗುತ್ತದೆ. ಮತ್ತೆ ಹಾಕಿ, ಬೋಲ್ಟಿಗೆ ಮಾರ್ಕರ್ ಬಳಿದು ನೋಡಿದೆವು. ಗೆರೆ ಬೀಳಲಿಲ್ಲ.

ಕಾಫಿ ಕುಡಿದು ಹೊರಟರು. ಅರ ನಮ್ಮ ಜಗಲಿಯಲ್ಲೇ ಉಳಿಯಿತು. ಮೊನ್ನೆ ಫೋನ್ ಮಾಡಿ ಕೇಳಿದರು, ಕಾಣುತ್ತಿಲ್ಲ ಭಾವ ಅಂದಿದ್ದೇನೆ.