ಮಕ್ಕಳಿರುವ ಮನೆಗೆ ನಾಯಿ: ತಳಿಗಿಂತ ಮೊದಲು ಗೂಡು ನೋಡಿ

ಕಾಸರಗೋಡಿನಲ್ಲಿ ಮನೆ ಮಾಡಿಕೊಂಡ ನಮ್ಮಂಥವರಿಗೆ ಬೆಂಗಳೂರಿನ ನೆಂಟರು ಕೊಡುವ ಸಲಹೆ ಒಂದೇ: "ಮಕ್ಕಳಿದ್ದಾರಲ್ಲ, ಲ್ಯಾಬ್ರಡಾರ್ ತನ್ನಿ." ಅವರ ಫ್ಲ್ಯಾಟಿನ ಮಟ್ಟಿಗೆ ಅದು ಸರಿಯೇ. ಅಲ್ಲಿ ನಾಯಿ ಸೋಫಾದ ಬುಡದಲ್ಲೇ ಬೆಳೆಯುತ್ತದೆ. ಮಗು ಅತ್ತರೂ, ಬಿದ್ದರೂ, ಓಡಿದರೂ ಅದಕ್ಕೆ ಹೊಸದಲ್ಲ. ಕುಂಬಳೆ, ಬದಿಯಡ್ಕದ ಕಡೆ ನಾಯಿ ಸಾಕುವ ಕ್ರಮವೇ ಬೇರೆ. ಅಂಗಳದ ಮೂಲೆಯಲ್ಲಿ ಕಬ್ಬಿಣದ ಸರಳಿನ ಗೂಡು. ಹಗಲೆಲ್ಲ ಅದರೊಳಗೆ, ರಾತ್ರಿ ಗೇಟು ಹಾಕಿದ ಮೇಲೆ ಹೊರಗೆ. ಅಡಿಕೆ ಕಾಯುವುದಕ್ಕೆ ಸಾಕು. ಮಕ್ಕಳಿರುವ ಮನೆಗೆ ಮಾತ್ರ ಆಗದು, ತಳಿ ಯಾವುದೇ ಇರಲಿ.

ಗೂಡಿನೊಳಗಿನ ನಾಯಿ ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಓಟವನ್ನು, ಚೆಂಡನ್ನು, ಸೈಕಲನ್ನು ನೋಡುತ್ತದೆ. ಹತ್ತಿರ ಹೋಗಲು ಬಿಡುವವರಿಲ್ಲ. ಬೊಗಳುತ್ತದೆ, ಸರಳಿಗೆ ಹಾರುತ್ತದೆ. ಮಕ್ಕಳು ಕೋಲು ತೂರಿಸುತ್ತಾರೆ. ಹೀಗೆ ಮಗುವನ್ನು ಕಂಡರೆ ಉದ್ರೇಕಗೊಳ್ಳುವುದೇ ಅದಕ್ಕೆ ಅಭ್ಯಾಸವಾಗುತ್ತದೆ. ಒಂದು ದಿನ ಚಿಲಕ ಜಾರಿದಾಗ ಎದುರಿಗಿರುವುದು ಮಗು. ಆಮೇಲೆ ಬೈಗುಳ ತಳಿಗೆ ಬೀಳುತ್ತದೆ.

ಮುಧೋಳದ ಕಡೆ, ಗಡಿಯಾಚೆ ಮಹಾರಾಷ್ಟ್ರದ ಜತ್ತದ ಕಡೆಯೂ, ಮುಧೋಳ ತಳಿಯ ಬೇಟೆನಾಯಿ ಕುರಿಮಂದೆಯ ಹಿಂದೆ ತಿರುಗಿ, ಜನರ ಕಾಲಡಿಯಲ್ಲೇ ಮಲಗುತ್ತದೆ. 2016ರಲ್ಲಿ ಸೇನೆ ಅದರ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದ ಮೇಲೆ ಅಭಿಮಾನದಿಂದ ಇಲ್ಲಿಗೂ ತರಿಸುವವರಿದ್ದಾರೆ. ಸೇನೆ ಒಯ್ದದ್ದು ಮಗುವಿನ ಜೊತೆ ಆಡಿಸಲಿಕ್ಕಲ್ಲ. ಭುಜದ ಎತ್ತರ ಸುಮಾರು 70 ಸೆಂ.ಮೀ., ತೆಳು ಚರ್ಮ, ಮೈಯಲ್ಲಿ ಕೊಬ್ಬಿಲ್ಲ. ಹಿಂದಿನಿಂದ ತಬ್ಬಿದರೆ, ಬಾಲ ಎಳೆದರೆ ಸಹಿಸುವುದಿಲ್ಲ. ಓಡುವುದು ಏನು ಕಂಡರೂ ಬೆನ್ನಟ್ಟುತ್ತದೆ. ಪಕ್ಕದ ಮನೆಯ ಕೋಳಿಗೆ ದುಡ್ಡು ಕೊಡಲು ಸಿದ್ಧರಿರಬೇಕು. ಮಕ್ಕಳು ಹತ್ತು ದಾಟಿದ್ದು, ಬೇಲಿ ಹಾಕಿದ ಗುಡ್ಡೆ ಇದ್ದರೆ ತರಬಹುದು.

ಇನ್ನು ಲ್ಯಾಬ್ರಡಾರ್. ಸ್ವಭಾವ ಒಳ್ಳೆಯದು, ತೊಂದರೆ ತೂಕದ್ದು. ಎಂಟು ತಿಂಗಳಿಗೆ 25 ಕಿಲೋ, ಬುದ್ಧಿ ಇನ್ನೂ ಮರಿಯದ್ದು. ಕಚ್ಚದಿದ್ದರೂ ನಾಲ್ಕು ವರ್ಷದ ಮಗುವನ್ನು ಜಗಲಿಯಿಂದ ಕೆಡವುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಒಂದು ಜೀನು ಈ ತಳಿಯ ಹಲವು ನಾಯಿಗಳಲ್ಲಿ ಕೆಟ್ಟಿರುತ್ತದೆ. ಮಕ್ಕಳು ದೋಸೆ, ಬಾಳೆಕಾಯಿ ಚಿಪ್ಸ್ ಎಸೆಯುತ್ತಾ ಹೋದರೆ ಅದು ತಿನ್ನುತ್ತಲೇ ಇರುತ್ತದೆ. ತೂಕ ಏರಿ ಸೊಂಟದ ಕೀಲು ಹೋಗಬಹುದು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಸಿಗಬೇಕು. ನೀರುಳ್ಳಿ, ದ್ರಾಕ್ಷಿ, ಚಾಕಲೇಟು ಯಾವ ನಾಯಿಗೂ ವಿಷ.

ಗೋಲ್ಡನ್ ರಿಟ್ರೀವರ್, ಶೀ ತ್ಸು, ಪೊಮೇರಿಯನ್ ಫೋಟೋದಲ್ಲಿ ಚಂದ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಹೊಯ್ಯುವ ಊರಿನಲ್ಲಿ ಅವುಗಳ ಒಳರೋಮ ಒಣಗುವುದೇ ಇಲ್ಲ, ಆಟಿ ತಿಂಗಳ ಮಳೆಯಲ್ಲಿ ಚರ್ಮ ಹುಣ್ಣಾಗುತ್ತದೆ. ಪಗ್ ಬೇಡವೇ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ಚಪ್ಪಟೆ ಮೂಗು, ಕರಾವಳಿಯ ಸೆಕೆ, ಜೊತೆಗೆ ಓಡಿಸುವ ಮಕ್ಕಳು ಸೇರಿದರೆ ಕುಸಿದು ಬೀಳುತ್ತದೆ. ರಾಟ್‌ವೀಲರ್‌ನಂಥ ತಳಿಗಳನ್ನು ನಿಷೇಧಿಸಲು 2024ರ ಮಾರ್ಚಿನಲ್ಲಿ ಬಂದ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, ನಿಜ. ಕೋರ್ಟು ಬಿಟ್ಟಿತೆಂದು ಮಕ್ಕಳ ಮನೆಗೆ ತರಬೇಕೆಂದೇನೂ ಇಲ್ಲ.

ನನ್ನ ಓಟು ನಾಡನಾಯಿಯ ಹೆಣ್ಣುಮರಿಗೆ. ಬೆಳೆದರೆ 15ರಿಂದ 20 ಕಿಲೋ, ಗಿಡ್ಡ ರೋಮ, ಅರ್ಧ ಗಂಟೆಯಲ್ಲಿ ಮೈ ಒಣಗುತ್ತದೆ. ಆದರೆ ರಸ್ತೆಯಲ್ಲಿ ನಾಲ್ಕೈದು ತಿಂಗಳು ಕಳೆದ ಮರಿ ಬೇಡ; ಮನುಷ್ಯರ ಭಯ ಆಗಲೇ ಕೂತಿರುತ್ತದೆ. ಎಂಟು ವಾರದ್ದಿರಲಿ, ತಾಯಿಯನ್ನು ನೋಡಿಯೇ ತನ್ನಿ. ತಾಯಿ ಅಪರಿಚಿತರಿಗೆ ಬೊಗಳಿ ಆಮೇಲೆ ಸುಮ್ಮನಾದರೆ ಸರಿ, ಬಾಲ ಹೊಟ್ಟೆಯಡಿ ಸೇರಿಸಿ ಅಡಗಿದರೆ ಬಿಟ್ಟುಬಿಡಿ. ಮರಿಯಿಂದ ಎರಡು ಮಾರು ದೂರದಲ್ಲಿ ಕೀಲಿಗೊಂಚಲು ಬೀಳಿಸಿ: ಬೆಚ್ಚಿ, ಮರುಕ್ಷಣ ಮೂಸಲು ಬರುವ ಮರಿ ಬೇಕು. ಕಾಲ್ಬೆರಳ ಸಂದಿಯನ್ನು ಮೆಲ್ಲಗೆ ಒತ್ತಿ: ಕೊಸರಾಡಿದರೆ ಪರವಾಗಿಲ್ಲ, ತಿರುಗಿ ಬಿಗಿಯಾಗಿ ಕಚ್ಚಿ ಹಿಡಿದರೆ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಹಸಿದು ಬೆಳೆದ ಮರಿ ತನ್ನ ತಟ್ಟೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮೊದಲ ತಿಂಗಳು ಕೈಯಿಂದ ಉಣ್ಣಿಸಿ, ಬಾಯಿಯದನ್ನು ಕಿತ್ತುಕೊಳ್ಳದೆ ಬೇರೆ ಕೊಟ್ಟು ಬಿಡಿಸಿಕೊಳ್ಳಿ.

ಮರಿ ಲೋಕಕ್ಕೆ ಒಗ್ಗುವುದು ಮೂರರಿಂದ ಹದಿನಾಲ್ಕು ವಾರದೊಳಗೆ. ಲಸಿಕೆ ಮುಗಿಯುವುದು ಹದಿನಾರಕ್ಕೆ. ಕಾದರೆ ಕೆಲಸ ಕೆಟ್ಟಿತು. ಹಾಗೆಂದು ಪೇಟೆಯ ನೆಲದಲ್ಲಿ ಬಿಟ್ಟರೆ ಪಾರ್ವೊ ಎಂಬ ಮಾರಕ ವಾಂತಿಭೇದಿ ರೋಗ. ಎತ್ತಿಕೊಂಡೇ ತಿರುಗಾಡಿಸಿ: ಆಟೋ ಸದ್ದು, ಚೆಂಡೆ, ಅಂಗನವಾಡಿಯ ಗಲಾಟೆ ಎಲ್ಲ ಕೇಳಲಿ.

ಲಸಿಕೆ ಹಾಕಿಸುವಾಗ ಲೆಪ್ಟೊಸ್ಪೈರಾ (ಇಲಿಜ್ವರದ ರೋಗಾಣು) ಸೇರಿದ್ದನ್ನೇ ಕೇಳಿ ಹಾಕಿಸಿ. ಎರಡು ಡೋಸು, ಆಮೇಲೆ ಪ್ರತಿ ವರ್ಷ. ತೋಟದ ಕಣಿಯ ನೀರು ಕುಡಿದ ನಾಯಿಗೆ ಇಲಿಜ್ವರ ತಗಲಿದರೆ ಅದರ ಮೂತ್ರದಿಂದ ಮಕ್ಕಳಿಗೂ ಬರಬಹುದು. ಕೊಕ್ಕೆಹುಳುವಿನ ಔಷಧಿ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ; ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳ ಪಾದದಲ್ಲಿ ಹಾವಿನಂತೆ ಹರಿಯುವ ಕೆಂಪು ಗೆರೆ ಅದರ ಮರಿಹುಳುವಿನದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಆ ಸರ್ಟಿಫಿಕೇಟು ಪಂಚಾಯತಿಗೂ ಬೇಕು: ಕೇರಳದಲ್ಲಿ 1998ರ ನಿಯಮದಂತೆ ಸಾಕುನಾಯಿಗೆ ಪರವಾನಗಿ ಕಡ್ಡಾಯ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಹಳ್ಳಿಗಳಲ್ಲಿ ಕೇಳುವವರು ಕಡಿಮೆ, ಹಾಗಾಗಿ ನಮ್ಮವರು ಇಲ್ಲೂ ಮರೆಯುತ್ತಾರೆ.

ಮನೆಯದೇ ನಾಯಿ, ಲಸಿಕೆ ಆಗಿದೆ ಎಂದು ಹಲ್ಲು ತಾಗಿದ ಗಾಯಕ್ಕೆ ಅರಸಿನ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದೊಳಗೆ ಕೊಡುವ ರೇಬಿಸ್ ಇಂಜೆಕ್ಷನ್ ಶುರುವಾದರೆ 0, 3, 7, 28ನೇ ದಿನ. ಗಾಯ ಒಣಗಿತೆಂದು ಕೊನೆಯದನ್ನು ಬಿಡುವಂತಿಲ್ಲ.