ಕಂಬಕ್ಕೊಂದು ನಡತೆ ಸರ್ಟಿಫಿಕೇಟ್

ಪೋಲ್ ಡ್ಯಾನ್ಸ್, ಅಂದರೆ ಕಂಬದ ಕುಣಿತ, ಕ್ರೀಡೆಯೋ ಅಲ್ಲವೋ ಅಂತ ಜಗಳ ಆಡುವವರ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಅದು ಎಷ್ಟು ಕಷ್ಟ ಅನ್ನುವ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಆ ಕಂಬ ಮೊದಲು ಯಾವ ಕ್ಲಬ್ಬಿನಲ್ಲಿತ್ತು, ಸುತ್ತ ಕೂತಿದ್ದವರು ಯಾರು, ಅವರ ಕೈಯಲ್ಲಿ ಏನಿತ್ತು, ಬರೀ ಇದೇ ವಿಚಾರಣೆ. ಸಂಬಂಧ ನೋಡಲು ಬಂದವರು ಹುಡುಗಿಯನ್ನು ಬಿಟ್ಟು ಅವಳ ಅಜ್ಜಿಯ ಕಥೆ ಕೆದಕಿದ ಹಾಗೆ.

2017ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಜಾಗತಿಕ ಸಂಘ, ಅಂದರೆ ಒಕ್ಕೂಟಗಳಿಗೇ ಆಗ ಇದ್ದ ಇನ್ನೊಂದು ಒಕ್ಕೂಟ, ಪೋಲ್ ಸ್ಪೋರ್ಟ್ಸ್‌ಗೆ, ಅಂದರೆ ಪೋಲ್ ಡ್ಯಾನ್ಸಿನ ಸ್ಪರ್ಧಾ ರೂಪಕ್ಕೆ, ವೀಕ್ಷಕ ಸ್ಥಾನ ಕೊಟ್ಟಿತು. ಆಡ್ತೀವಿ ಅಂತ ಅರ್ಜಿ ಹಾಕಿದವರಿಗೆ ಬಾಗಿಲ ಪಕ್ಕ ಒಂದು ಸ್ಟೂಲ್ ಸಿಕ್ಕಿತು ಅನ್ನಿ. ಅದೇ ಸಲ ಆರ್ಮ್ ರೆಸ್ಲಿಂಗ್‌ಗೂ ಡಾಜ್‌ಬಾಲ್‌ಗೂ ಟೇಬಲ್ ಫುಟ್‌ಬಾಲ್‌ಗೂ ಅದೇ ಸ್ಥಾನ ಸಿಕ್ಕಿತ್ತು. ಪತ್ರಿಕೆಗಳ ತಲೆಬರಹ ಏರಿದ್ದು ಮಾತ್ರ ಕಂಬ. ಟೇಬಲ್ ಫುಟ್‌ಬಾಲ್ ಎಷ್ಟು ಬಾರುಗಳ ಮೂಲೆಯಲ್ಲಿ, ಎಷ್ಟು ಬಿಯರ್ ಚೆಲ್ಲಿಸಿಕೊಂಡು ಬೆಳೆಯಿತು ಅಂತ ಯಾರೂ ಕೇಳಲಿಲ್ಲ. ಅದರ ನಡತೆ ಚೆನ್ನಾಗಿದೆ ಪಾಪ.

"ನಾಳೆ ಒಲಿಂಪಿಕ್ಸ್‌ಗೂ ಹೀಗೆಲ್ಲ ಬಿಟ್ಟುಕೊಂಡರೆ ಅದರ ಮರ್ಯಾದೆ ಏನಾಗಬೇಕು?" ಅನ್ನುವವರಿದ್ದಾರೆ. ಮರ್ಯಾದೆ ವಿಷಯ ಎತ್ತಿದ್ದು ಒಳ್ಳೆಯದಾಯಿತು. 1900ರ ಪ್ಯಾರಿಸ್ ಕೂಟದಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಗುಂಡು ಹೊಡೆಯುವ ಸ್ಪರ್ಧೆ ನಡೆದಿತ್ತು. 1928ರಿಂದ 1948ರವರೆಗೆ ನಗರ ಯೋಜನೆಗೂ ಪದಕ ಇತ್ತು, ಹೌದು, ನಕ್ಷೆ ಬರೆದು ಕೊಟ್ಟರೆ ಪದಕ, ಬೆವರು ಬರಲೇಬೇಕು ಅಂತೇನೂ ಇರಲಿಲ್ಲ. ಡ್ರೆಸಾಜ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ಇವತ್ತಿಗೂ ಹೆಜ್ಜೆ ಹಾಕುವುದು ಕುದುರೆ, ಪದಕ ಬೀಳುವುದು ಮೇಲೆ ಕೂತವರ ಕೊರಳಿಗೆ. ಹಗ್ಗ ಹತ್ತುವುದು 1932ರವರೆಗೂ ಒಲಿಂಪಿಕ್ಸ್‌ನಲ್ಲಿತ್ತು. 1904ರಲ್ಲಿ ಜಾರ್ಜ್ ಐಸರ್ ಅನ್ನುವ ಜಿಮ್ನಾಸ್ಟ್ ಒಂದು ಮರದ ಕಾಲು ಇಟ್ಟುಕೊಂಡೇ ಹಗ್ಗ ಹತ್ತಿ ಚಿನ್ನ ಗೆದ್ದರು. ಹಗ್ಗ ಹಿಡಿದು ಮೇಲೆ ಹೋದರೆ ಶೌರ್ಯ, ಕಂಬ ಹಿಡಿದು ಹೋದರೆ ಕೆಮ್ಮು.

ಸರಿ, ಕಂಬದ ಮೇಲೆ ನಡೆಯುವುದಾದರೂ ಏನು? ಸ್ಪರ್ಧೆಯಲ್ಲಿ ಎರಡು ಕಂಬ ಇರುತ್ತವೆ. ಒಂದು ಅಲ್ಲಾಡಲ್ಲ, ಇನ್ನೊಂದು ಗಿರಗಿರ ತಿರುಗುತ್ತದೆ. ದಪ್ಪ 45 ಮಿಲಿಮೀಟರ್, ಎತ್ತರ ಸುಮಾರು 4 ಮೀಟರ್. ಎರಡು ಕೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿ ಚಾಚಬೇಕು. ಚಾಚಿದರೆ ಸಾಲದು, ಅಲುಗಾಡದೆ ಎರಡು ಸೆಕೆಂಡ್ ನಿಲ್ಲಿಸಬೇಕು. ಆಮೇಲೆ ತಲೆಕೆಳಗಾಗಿ, ಮಂಡಿ ಹಿಂದಿನ ಮಡಿಕೆಯಲ್ಲಿ ಉಕ್ಕು ಸಿಕ್ಕಿಸಿಕೊಂಡು ಕೈ ಬಿಡಬೇಕು. ಆ ಜಾಗದ ಚರ್ಮ ಎಷ್ಟು ತೆಳ್ಳಗಿದೆ ಅಂತ ಒಂದು ಸಲ ಚಿವುಟಿ ನೋಡಿ. ಕಲಿಯುವವರ ತೊಡೆ ತುಂಬ ನೀಲಿ ಕಲೆಗಳಿರುತ್ತವೆ. ಈ ಕಲೆಗಳಿಗೆ ಅವರು ಇಟ್ಟುಕೊಂಡ ಹೆಸರು 'ಪೋಲ್ ಕಿಸ್'. ಪ್ರೀತಿ ಅಷ್ಟಿದೆ.

ಬಟ್ಟೆ ಯಾಕೆ ಅಷ್ಟು ಕಡಿಮೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬಟ್ಟೆ ಉಕ್ಕಿನ ಮೇಲೆ ಜಾರುತ್ತದೆ, ಬರೀ ಚರ್ಮ ಹಿಡಿಯುತ್ತದೆ. ಅಭ್ಯಾಸಕ್ಕೆ ಬರುವ ಮುಂಚೆ ಲೋಷನ್ ಹಚ್ಚಬೇಡಿ ಅಂತ ಕಲಿಸುವವರು ಬೇಡಿಕೊಳ್ಳುವುದೂ ಇದಕ್ಕೇ. ಪೂರ್ತಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಸಭ್ಯವಾಗಿ ಹತ್ತಲು ಹೋದವರು ಅಷ್ಟೇ ಸಭ್ಯವಾಗಿ ಕೆಳಗೆ ಬಂದು ಕೂರುತ್ತಾರೆ. ನಮ್ಮ ಮಲ್ಲಕಂಬದವರೂ ಚಡ್ಡಿಯಲ್ಲೇ ಹತ್ತುವುದು, ಅದೇ ಕಾರಣಕ್ಕೆ. ಅಲ್ಲಿ ಕಂಬಕ್ಕೆ ಹರಳೆಣ್ಣೆ ಬೇರೆ ಹಚ್ಚುತ್ತಾರೆ. ಆದರೆ ಹತ್ತುತ್ತಿದ್ದವರು ಪೈಲ್ವಾನರು ನೋಡಿ, ಹಾಗಾಗಿ ಅದು ಪರಂಪರೆ. ಸ್ಟೀಲಿನ ಕಂಬಕ್ಕೆ ಹೆಂಗಸು ಸಿಕ್ಕಿಬಿಟ್ಟಳು, ಅದೇ ಎಡವಟ್ಟಾಗಿದ್ದು.

ಇಷ್ಟು ಹೊತ್ತು ವಿರೋಧಿಗಳ ವಿಷಯ ಆಯಿತು. ನಿಜವಾದ ತಮಾಷೆ ಇರುವುದು ಮಾನ್ಯತೆ ಬೇಕು ಅನ್ನುವವರ ಕಡೆ. ಅಂತಾರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಒಕ್ಕೂಟದ ನಿಯಮಗಳನ್ನು ಓದಿದರೆ ಹಾಸ್ಟೆಲ್ ವಾರ್ಡನ್ ಕೂತು ಬರೆದಂತಿದೆ. ಹೈಹೀಲ್ಸ್ ಇಲ್ಲ. ಲೆದರ್, ರಬ್ಬರ್ ಉಡುಪು ಇಲ್ಲ. ಬಟ್ಟೆ ಕಳಚುವಂತಿಲ್ಲ. ಕಾಮ ಸೂಚಿಸುವ ಭಂಗಿ ಇಲ್ಲ. ಮಧ್ಯದಲ್ಲಿ ಬೆವರಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರೂ ಅಂಕ ಕಟ್. ಅರ್ಥ ಆಗುತ್ತೆ, ಸಮಿತಿಯವರ ಮುಂದೆ ಒಳ್ಳೆಯವರಾಗಿ ಕಾಣಬೇಕಲ್ವಾ?

ಆದರೆ ಈ ಪಟ್ಟುಗಳನ್ನೆಲ್ಲ ಕಂಡುಹಿಡಿದವರು ಯಾರು? ಸರ್ಕಸ್ಸಿನವರು ಸ್ವಲ್ಪ, ಮಿಕ್ಕಿದ್ದು ಅದೇ ಕ್ಲಬ್ಬುಗಳ ನರ್ತಕಿಯರು. ಪಾಳಿ ಮುಗಿಯುವವರೆಗೆ, ಏಳಿಂಚಿನ ಹೀಲ್ಸ್ ಮೇಲೆ, ಯಾವ ಫಿಸಿಯೋ ಇಲ್ಲದೆ, ಕೆಳಗೊಂದು ಮ್ಯಾಟೂ ಇಲ್ಲದೆ. 1990ರ ದಶಕದಲ್ಲಿ ಕೆನಡಾದ ಒಬ್ಬ ಕ್ಲಬ್ ನರ್ತಕಿ ಹೊರಗಿನ ಹೆಂಗಸರಿಗೂ ಕಲಿಸಲು ಶುರು ಮಾಡಿದ ಮೇಲೆ ಇದು ಜಿಮ್‌ಗಳಿಗೆ ಬಂತು. ಬಂದ ಮೇಲೆ ಏನಾಯಿತು ಗೊತ್ತಾ? ಹವ್ಯಾಸಕ್ಕೆ ಕಲಿತವರು ತಮ್ಮ ಫೋಟೋ ಕೆಳಗೆ 'ನಾಟ್ ಎ ಸ್ಟ್ರಿಪ್ಪರ್', ಅಂದರೆ ನಾನು ಬಟ್ಟೆ ಕಳಚುವ ಕ್ಲಬ್ ನರ್ತಕಿ ಅಲ್ಲ, ಅಂತ ಹ್ಯಾಷ್‌ಟ್ಯಾಗ್ ಹಾಕತೊಡಗಿದರು. ಪಟ್ಟು ಬೇಕು, ಕಲಿಸಿದವಳು ಬೇಡ. ಕ್ಲಬ್ ನರ್ತಕಿಯರೂ ಸುಮ್ನೆ ಕೂರಲಿಲ್ಲ, 'ಯೆಸ್ ಎ ಸ್ಟ್ರಿಪ್ಪರ್' ಅಂತ ತಿರುಗಿ ಹಾಕಿದರು. ಈ ಇಡೀ ಗಲಾಟೆಯಲ್ಲಿ ನನಗೆ ಪ್ರಾಮಾಣಿಕ ಅನ್ನಿಸಿದ್ದು ಅದೊಂದೇ.

ಅದಕ್ಕೇ ಒಂದು ಸಲಹೆ. ಪದಕ ಕೊಡಿ, ಮಾನ್ಯತೆ ಕೊಡಿ, ಬೇಕಾದರೆ ಡೋಪ್ ಪರೀಕ್ಷೆಯನ್ನೂ ಮಾಡಿ. ಆದರೆ ತೀರ್ಪುಗಾರರ ಕುರ್ಚಿಯಲ್ಲಿ ಅಂಥ ಒಬ್ಬ ಹಳೇ ಕ್ಲಬ್ ನರ್ತಕಿಯನ್ನು ಕೂರಿಸಿ. ಯಾವ ಪಟ್ಟು ಸುಲಭ, ಯಾವುದು ಕಷ್ಟ, ಯಾರು ಕಳ್ಳಾಟ ಆಡಿದರು ಅಂತ ಅವಳು ಪುಸ್ತಕ ತೆರೆಯದೆ ಹೇಳುತ್ತಾಳೆ. ತೊಂದರೆ ಏನಂದ್ರೆ, ಅವಳು ಹೀಲ್ಸ್ ಹಾಕಿಕೊಂಡೇ ಬರುತ್ತಾಳೆ, ಗೇಟಿನಲ್ಲಿ ನಿಂತವನ ಕೈಯಲ್ಲಿ ನಿಯಮಾವಳಿ ಇರುತ್ತದೆ.