ವಾಷರ್‌ಗೂ ಒಂದು ಇನ್‌ಸ್ಟಾಗ್ರಾಂ

ನನ್ನ ಭಾವಮೈದ ನಲ್ಲಿಗೆ ಹಾಕುವ ರಬ್ಬರ್ ವಾಷರ್ ತಯಾರಿಸುತ್ತಾನೆ. ವಾಷರನ್ನು ಯಾರೂ ಆಸೆಪಟ್ಟು ಕೊಳ್ಳುವುದಿಲ್ಲ. ಮಧ್ಯರಾತ್ರಿ ನಲ್ಲಿ ಟಪ್ ಟಪ್ ಅಂತ ಸೋರಿ ನಿದ್ದೆ ಕೆಟ್ಟಾಗಲೇ ಅದರ ನೆನಪು. ಅಂಥ ವಸ್ತುವಿಗೆ ಸೋಷಿಯಲ್ ಮೀಡಿಯಾದಲ್ಲಿ ಬ್ರ್ಯಾಂಡ್ ಕಟ್ಟಬೇಕು ಅಂತ ಅವನಿಗೆ ಹೊಳೆಯಿತು. ಹೊಳೆದದ್ದು ಅವನಿಗೆ, ಬರೆಯುವ ಕೆಲಸ ಬಿದ್ದದ್ದು ನನಗೆ.

"ಭಾವ, ನೀವು ಹೇಗೂ ಏನೇನೋ ಬರೀತಾ ಇರ್ತೀರಿ. ಇದಕ್ಕೂ ನಾಲ್ಕು ಸಾಲು ಬರೆದುಬಿಡಿ" ಅಂದ. ಆ 'ಏನೇನೋ' ಒಳಗೆ ನನ್ನ ಸಮಗ್ರ ಸಾಹಿತ್ಯ ಬಂದುಹೋಯಿತು.

ಯಾವ ಜಾಲತಾಣಕ್ಕೆ ಬರೆಯಲಿ ಅಂತ ಕೇಳಿದೆ. "ಎಲ್ಲದಕ್ಕೂ!" ಒಂದೇ ಸಂಜೆ ಕೂತು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಲಿಂಕ್ಡ್‌ಇನ್, ಪಿಂಟರೆಸ್ಟ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಎಲ್ಲದರಲ್ಲೂ ಅಕೌಂಟ್ ತೆರೆದ. ಎಲ್ಲ ಕಡೆ ಒಂದೇ ಹೆಸರು ಸಿಗಲಿಲ್ಲ. ಒಂದು ಕಡೆ 'ಅಫಿಶಿಯಲ್' ಸೇರಿಸಿದ, ಇನ್ನೊಂದು ಕಡೆ 'ರಿಯಲ್'. ನಕಲಿ ವಾಷರ್ ಅಕೌಂಟ್ ನಡೆಸುವಷ್ಟು ಬಿಡುವು ಯಾರಿಗಿದೆಯೋ! ಪ್ರೊಫೈಲ್ ಚಿತ್ರ ಗುಂಡಗೆ ಇರುತ್ತದಲ್ಲ, ಅದರೊಳಗೆ ವಾಷರ್ ಅಚ್ಚುಕಟ್ಟಾಗಿ ಕೂತಿತು. ಇನ್ನೂ ಲೋಡ್ ಆಗ್ತಾ ಇದೆ ಅಂದುಕೊಂಡು ಕಾದವರೂ ಇದ್ದಾರೆ.

ಒಂದೇ ಬರಹ, ಒಂದೇ ಫೋಟೋ ಎಲ್ಲ ಕಡೆಗೂ. ಎಕ್ಸ್‌ನಲ್ಲಿ ಸಾಮಾನ್ಯ ಅಕೌಂಟಿಗೆ 280 ಅಕ್ಷರಗಳ ಮಿತಿ. 2017ರವರೆಗೆ ಅದೂ 140 ಇತ್ತು. ಕನ್ನಡದಲ್ಲಂತೂ ಕೊಂಬು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಹೋಗುತ್ತವೆ. ನಾನು ಬರೆದ ಕೊನೆಯ ಸಾಲು, "ನಮ್ಮ ವಾಷರ್ ಹಾಕಿದರೆ ನಲ್ಲಿ ಸೋರುತ್ತದೆ ಎಂಬ ಚಿಂತೆಯಿಲ್ಲ." ಜಾಗ ಸಾಲದೆ ಅವನು ಕೊನೆಯಿಂದ ಕತ್ತರಿಸಿದ. "ನಮ್ಮ ವಾಷರ್ ಹಾಕಿದರೆ ನಲ್ಲಿ ಸೋರುತ್ತದೆ" ಅಂತ ಉಳಿಯಿತು. ಇಷ್ಟು ಪ್ರಾಮಾಣಿಕ ಜಾಹೀರಾತು ನೋಡಿರಲಿಲ್ಲ ಅಂತ ಜನ ಖುಷಿಯಿಂದ ಹಂಚಿಕೊಂಡರು.

ಪಿಂಟರೆಸ್ಟ್‌ಗೆ ಬರುವವರಲ್ಲಿ ಮನೆ ಅಲಂಕಾರಕ್ಕೆ ಐಡಿಯಾ ಹುಡುಕುವವರು ಜಾಸ್ತಿ. ನಲ್ಲಿಯ ಫೋಟೋ ಹಾಕಿದ್ದಕ್ಕೆ ಅವರೆಲ್ಲ ಹಿಂದಿನ ಗೋಡೆಯ ಟೈಲ್ಸ್ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಸ್ನ್ಯಾಪ್‌ಚಾಟ್‌ನಲ್ಲಿ ಇಡೀ ಕ್ಯಾಟಲಾಗನ್ನೇ ಸ್ಟೋರಿಯಾಗಿ ಹಾಕಿದ. ಅಲ್ಲಿ ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ. ಅದು ಹುಟ್ಟಿದ್ದೇ ಮಾಯವಾಗುವ ಫೋಟೋಗಳಿಗಾಗಿ ಅಲ್ವಾ? ಅಪರೂಪಕ್ಕೆ ಒಬ್ಬ ಗಿರಾಕಿ ಮರುದಿನ ಹುಡುಕಿಕೊಂಡು ಬಂದರೆ ತೋರಿಸಲು ಏನೂ ಇಲ್ಲ.

ಇನ್‌ಸ್ಟಾಗ್ರಾಂ ಅವನ ಅಚ್ಚುಮೆಚ್ಚು. ಬೆರಳಿಗೊಂದು ವಾಷರ್ ಉಂಗುರದಂತೆ ತೊಟ್ಟು ಕುಣಿದು ರೀಲ್ಸ್ ಮಾಡಿದ. ಲೈಕ್ ಒತ್ತಿದವರೆಲ್ಲ ನೆಂಟರೇ. ಅವರಲ್ಲಿ ಯಾರ ಮನೆಯ ನಲ್ಲಿಯೂ ಸೋರುತ್ತಿರಲಿಲ್ಲ. ಸೋರಿದ್ದರೂ ವಾಷರನ್ನು ಪುಕ್ಕಟೆ ಕೇಳುತ್ತಿದ್ದರು. ಕೆಳಗೆ ಬರೆದ ವೆಬ್‌ಸೈಟ್ ವಿಳಾಸವನ್ನು ಒತ್ತಿದರೆ ತೆರೆಯುವುದೂ ಇಲ್ಲ, ಕ್ಯಾಪ್ಶನ್‌ನಲ್ಲಿ ಲಿಂಕ್ ಬರೀ ಅಕ್ಷರವಾಗಿಯೇ ಉಳಿಯುತ್ತದೆ. ಅದೇ ಕುಣಿತ ನೌಕರಿ-ಹುದ್ದೆಗಳ ಮಾತಾಡುವ ಲಿಂಕ್ಡ್‌ಇನ್‌ಗೂ ಹೋಯಿತು. ಅಲ್ಲಿ ಯಾರೋ ಹಿರಿಯ ಅಧಿಕಾರಿ ಗಂಭೀರವಾಗಿ "ಹೊಸ ಹುದ್ದೆಗೆ ಅಭಿನಂದನೆಗಳು" ಅಂತ ಬರೆದರು.

"ವಾಷರ್ ಕೊಳ್ಳುವವರು ಯಾರಪ್ಪ?" ಅಂತ ಕೇಳಿದೆ. "ಪ್ಲಂಬರ್, ಹಾರ್ಡ್‌ವೇರ್ ಅಂಗಡಿಯವರು" ಅಂದ. ಅವರ ಸಂಸಾರವೆಲ್ಲ ವಾಟ್ಸಾಪ್‌ನಲ್ಲಿ. ಅಂಗಡಿಯವರಿಗೆಂದೇ 2018ರಲ್ಲಿ ವಾಟ್ಸಾಪ್ ಬಿಸಿನೆಸ್ ಬಂತು, ಅದರಲ್ಲಿ ಕ್ಯಾಟಲಾಗ್ ಇಡಬಹುದು. ಅದೊಂದರಲ್ಲಿ ಮಾತ್ರ ಇವನ ಅಕೌಂಟ್ ಇರಲಿಲ್ಲ. ಯಾಕೆ? "ಅಲ್ಲಿ ಫಾಲೋವರ್ಸ್ ಎಷ್ಟು ಅಂತ ತೋರಿಸಲ್ಲ ಭಾವ." ಗಿರಾಕಿ ಇರುವ ಕಡೆ ಅಲ್ಲ, ಚಪ್ಪಾಳೆ ಕೇಳಿಸುವ ಕಡೆ ಅಂಗಡಿ ಇಡುವ ಆಸೆ! ಆ ಚಪ್ಪಾಳೆಯೂ ಶಾಶ್ವತವಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಕೂಡಿಹಾಕಿದ ಅಭಿಮಾನಿಗಳನ್ನು ಯಾರೂ ಚೀಲದಲ್ಲಿ ತುಂಬಿಕೊಂಡು ಬರಲಾಗಲಿಲ್ಲ.

ಯೂಟ್ಯೂಬ್ ಮಾತ್ರ ಖಾಲಿ ಬಿದ್ದಿತ್ತು. ಅವನ ಹೆಂಡತಿ ಫೋನ್ ಹಿಡಿದಳು. ಹಾಡಿಲ್ಲ, ಕುಣಿತವಿಲ್ಲ. "ಸೋರುವ ನಲ್ಲಿಗೆ ವಾಷರ್ ಬದಲಿಸುವುದು ಹೇಗೆ" ಅಂತ ನೇರ ಶೀರ್ಷಿಕೆ. ನಿದ್ದೆಗೆಟ್ಟವರು ಟೈಪ್ ಮಾಡಿ ಹುಡುಕುವುದೂ ಅದನ್ನೇ. ಇವನು ನಲ್ಲಿ ಬಿಚ್ಚಿದ. ಮೇಲಿನ ವಾಲ್ವ್ ಬಂದ್ ಮಾಡಿರಲಿಲ್ಲ. ನೀರು ಮುಖಕ್ಕೆ ರಾಚಿ ಕನ್ನಡಕ ಹಾರಿಹೋಯಿತು. ಅವಳು ಶೂಟಿಂಗ್ ನಿಲ್ಲಿಸಲಿಲ್ಲ. ಅಳಿಸು ಅಂತ ಇವನು ಗೋಗರೆದರೂ ಹಾಗೇ ಹಾಕಿದಳು. ಆರ್ಡರ್ ಕಳಿಸಲು ನಂಬರನ್ನೂ ಕೆಳಗೆ ಸೇರಿಸಿದಳು.

ಪ್ಲಂಬರ್‌ಗಳ ಗುಂಪುಗಳಲ್ಲಿ ಅದು ಓಡಾಡತೊಡಗಿತು. "ಮೊದಲು ವಾಲ್ವ್ ಬಂದ್ ಮಾಡಿ ಸ್ವಾಮಿ" ಎಂಬ ಬೈಗುಳದ ನಡುವೆ "ಅರ್ಧ ಇಂಚಿನ ನಲ್ಲಿಗೆ ಯಾವ ಸೈಜ್?" ಎಂಬ ಪ್ರಶ್ನೆಗಳೂ ಬಂದವು. ಒಬ್ಬ ಅಂಗಡಿಯವರು ಫೋನ್ ಮಾಡಿ, "ನೀರು ಹಾರಿಸಿಕೊಂಡವರು ನೀವೇನಾ?" ಅಂತ ಖಾತ್ರಿ ಮಾಡಿಕೊಂಡೇ ಡಬ್ಬಗಟ್ಟಲೆ ಆರ್ಡರ್ ಕೊಟ್ಟರು.

ಈಗ ಎರಡನೇ ವಿಡಿಯೋ, ಶವರ್ ಬಿಚ್ಚುವುದು. "ಭಾವ, ಈ ಸಲ ನೀವು ನಲ್ಲಿ ಮುಂದೆ ನಿಂತ್ಕೊಳ್ಳಿ" ಅಂತ ನಗುತ್ತಾ ಹೇಳಿದ. ವಾಲ್ವ್ ವಿಷಯ ಕೇಳಿದರೆ ಮಾತು ತೇಲಿಸುತ್ತಿದ್ದಾನೆ.